ಹಿಂದೆ ಬಿದ್ದ ಕುರಿ

ಅಪ್ಪ ಬಾಣಾವರ ಸ್ಟೇಷನ್ನಿನ ಗ್ಯಾಂಗಿನಲ್ಲಿ ಕೀಮನ್ ಆಗಿದ್ದ. ಅದೆಂಥ ಕೆಲಸ ಅಂತ ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಬೆಳಗಿನ ಜಾವ ಎದ್ದು, ಉದ್ದ ಹಿಡಿಯ ಸುತ್ತಿಗೆಯನ್ನು ಹೆಗಲ ಮೇಲಿಟ್ಟು, ಸ್ಪ್ಯಾನರು ಹಿಡಿದು, ಕೆಂಪು ಹಸಿರು ಬಾವುಟ ಸುತ್ತಿಟ್ಟ ಚೀಲ ಇಳಿಬಿಟ್ಟುಕೊಂಡು ತನ್ನ ಪಾಲಿನ ಐದಾರು ಕಿಲೋಮೀಟರು ಹಳಿಯನ್ನು ನಡೆದು ನೋಡಿಬರುವುದು. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು. ಆಗ ಇದ್ದದ್ದು ಮೀಟರ್ ಗೇಜು. ಹಳಿಯನ್ನು ಎರಕದ ಸ್ಲೀಪರಿಗೆ ಬಿಗಿಹಿಡಿಯುತ್ತಿದ್ದದ್ದು ಗೇಣುದ್ದದ ಉಕ್ಕಿನ ಕೀಲಿ. ರೈಲು ಓಡಿದಷ್ಟೂ ಅದು ಸಡಿಲವಾಗುತ್ತದೆ. ಸಡಿಲಾದದ್ದಕ್ಕೆ ಒಂದು ಪೆಟ್ಟು, ಬಿದ್ದುಹೋದದ್ದನ್ನು ಜಲ್ಲಿಯಲ್ಲಿ ಹುಡುಕಿ ತಂದು ಮತ್ತೆ ಹೊಡೆಯುವುದು, ಮಾರನೇ ದಿನ ಮತ್ತೆ ಅದೇ ದಾರಿ. ಕೀಲಿ ಕೂತಿದೆಯೋ ಇಲ್ಲವೋ ಅಂತ ಅಪ್ಪ ಬಗ್ಗಿ ನೋಡುತ್ತಿರಲಿಲ್ಲ, ಸದ್ದಿನಲ್ಲೇ ಹೇಳುತ್ತಿದ್ದ. ಕೂತಿದ್ದರೆ ಟಣ್ ಅನ್ನುತ್ತೆ, ಕೂರದಿದ್ದರೆ ಡಬ್ ಅನ್ನುತ್ತೆ.

ಅವನ ಪಾಲಿನ ಹಳಿ ಇದ್ದದ್ದು ದೇವನೂರಿನ ದಿಕ್ಕಿಗೆ, ಲಕ್ಷ್ಮೀಶ ಕವಿಯ ದೇವನೂರು. ಶಾಲೆಗೆ ರಜೆಯಿದ್ದಾಗ ನಾನೂ ಹಿಂದೆ ಹೋಗುತ್ತಿದ್ದೆ. ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಡಲು ನನ್ನ ಕಾಲು ಎಟುಕುತ್ತಿರಲಿಲ್ಲ. ಅಪ್ಪ ನಿಲ್ಲುತ್ತಿರಲೂ ಇಲ್ಲ, ಬೇಗ ಬಾ ಅನ್ನುತ್ತಿರಲೂ ಇಲ್ಲ. ನಾನು ತೀರ ಹಿಂದುಳಿದರೆ ಒಂದು ಕೀಲಿಗೆ ಬೇಕಾದ್ದಕ್ಕಿಂತ ಎರಡು ಪೆಟ್ಟು ಜಾಸ್ತಿ ಹೊಡೆಯುತ್ತಾ ಇರುತ್ತಿದ್ದ.

ಬಾಣಾವರವನ್ನು ಹೆಚ್ಚಿನವರು ರೈಲಿನ ಕಿಟಕಿಯಿಂದಲೋ ಶಿವಮೊಗ್ಗದ ಹೆದ್ದಾರಿಯ ಬಸ್ಸಿನಿಂದಲೋ ನೋಡಿರುತ್ತಾರೆ. ತೆಂಗಿನ ತೋಟ, ಕೆರೆ, ಮುಗಿಯಿತು. ಆದರೆ ಹಳೆಯ ಪ್ರವಾಸದ ಕೈಪಿಡಿಗಳಲ್ಲಿ ನಮ್ಮೂರಿಗೊಂದು ಗತ್ತಿತ್ತು. ಹಳೇಬೀಡು ನೋಡುವವರು ಬಾಣಾವರದಲ್ಲಿ ರೈಲಿಳಿದು ಜಾವಗಲ್ಲಿನ ಮೇಲೆ ಗಾಡಿ ಮಾಡಿಕೊಂಡು ಹೋಗಬೇಕು ಅಂತ ಬರೆದಿರುತ್ತಿದ್ದರು. ಅದಕ್ಕೂ ಹಿಂದಿನ ಇನ್ನೊಂದು ಸಂಗತಿ ಗೆಝೆಟಿಯರಿನಲ್ಲಿದೆ. ಹೈದರಾಲಿ ಬಾಣಾವರದ ಜನರನ್ನೆಲ್ಲ ಎಬ್ಬಿಸಿ, ಹತ್ತಿರದಲ್ಲೇ ನಾಗಪುರಿ ಅಂತ ಹೊಸ ಊರು ಕಟ್ಟಿ ಅಲ್ಲಿಗೆ ಸಾಗಿಸಿದ. ಅಲ್ಲಿನ ಹವೆ ಜನಕ್ಕೆ ಒಗ್ಗಲಿಲ್ಲ. ಕಡೆಗೆ ಹಳೇ ಊರಿಗೇ ಹೋಗಿ ಅಂತ ಬಿಟ್ಟುಕೊಟ್ಟ. ನಮ್ಮ ಮೇಷ್ಟ್ರೊಬ್ಬರು ಶಾಲೆಗೆ ಚಕ್ಕರ್ ಹೊಡೆದು ಸಿಕ್ಕಿಬಿದ್ದವರ ಕಿವಿ ಹಿಂಡುತ್ತಾ ಇದನ್ನೇ ಹೇಳುತ್ತಿದ್ದರು: “ಬಾಣಾವರದೋರು ಎಲ್ಲಿಗ್ ಹೋದ್ರೂ ವಾಪಸ್ ಬತ್ತರೆ ಕಣ್ರೋ. ಹೈದರಾಲಿ ಕೈಲೇ ಆಗ್ಲಿಲ್ಲ, ನೀನ್ಯಾವ ಲೆಕ್ಕ.”

ಊರಲ್ಲಿ ಕ್ರೈಸ್ತರ ಮನೆ ಬೆರಳಲ್ಲಿ ಎಣಿಸುವಷ್ಟು. ನಮ್ಮ ಜ್ಞಾನೋಪದೇಶ ಅರಸೀಕೆರೆಯಲ್ಲಿ, ಭಾನುವಾರ ಪೂಜೆ ಮುಗಿದ ಮೇಲೆ. ಹಸಿದ ಹೊಟ್ಟೆಯಲ್ಲಿ ಕೇಳಿದ ಪಾಠವಾದ್ದರಿಂದ ಮರೆತದ್ದೇ ಹೆಚ್ಚು. ನೆನಪಿರುವುದು ಲೂಕನ ಶುಭಸಂದೇಶದ 15ನೇ ಅಧ್ಯಾಯ. ನೂರು ಕುರಿಯಲ್ಲಿ ಒಂದು ತಪ್ಪಿಹೋದರೆ ಕುರುಬ ತೊಂಬತ್ತೊಂಬತ್ತನ್ನು ಬಯಲಲ್ಲೇ ಬಿಟ್ಟು ಅದೊಂದನ್ನು ಹುಡುಕಿಕೊಂಡು ಹೋಗುತ್ತಾನೆ, ಸಿಕ್ಕಿದರೆ ಹೆಗಲ ಮೇಲೆ ಹೊತ್ತು ತರುತ್ತಾನೆ. ನನಗೆ ಆಗಲೇ ಅನುಮಾನ. ನಾನು ಕುರಿಮಂದೆ ನೋಡದವನಲ್ಲ. ರಾಗಿ ಕುಯ್ಲು ಮುಗಿದ ಮೇಲೆ ಚಿತ್ರದುರ್ಗದ ಕಡೆಯಿಂದ ಕುರಿಗಾರರು ಬಂದು ಹೊಲದಲ್ಲಿ ಮಂದೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರ, ಅವರಿಗೆ ರಾಗಿ. ನಾಯಿ, ಕಂಬಳಿ, ಮೂರು ಕಲ್ಲಿನ ಒಲೆ. ರಾತ್ರಿ ತೋಳ ಬರುತ್ತದೆ ಅಂತ ಬೆಂಕಿ ಹಾಕಿಕೊಂಡು ಸರದಿಯ ಮೇಲೆ ಎಚ್ಚರವಿರುತ್ತಿದ್ದರು.

ಒಂದು ಸಂಜೆ ಹೋಗಿ ಮಂದೆಯ ಹಿರಿಯನನ್ನು ಕೇಳಿಯೇಬಿಟ್ಟೆ. ತೊಂಬತ್ತೊಂಬತ್ತು ಬಿಟ್ಟು ಒಂದಕ್ಕೆ ಹೋಗ್ತೀಯಾ ತಾತ?

“ಓಗ್ದೇ ಏನ್ಮಾಡ್ಲಿ. ಬೈಕಂಡ್ ಓಯ್ತೀನಿ,” ಅಂದ.

ಉಳಿದವನ್ನು ತೋಳ ತಿಂದರೆ?

“ನಾನೊಬ್ಬನೇ ಏನ್ಲಾ ಇರಾದು ಇಲ್ಲಿ? ಇವ್ರೆಲ್ಲ ಏನ್ ಮಣ್ ತಿಂತರಾ?”

ಬೀಡಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ನಾನು ಕೇಳದೆ ಇದ್ದದ್ದನ್ನೂ ಹೇಳಿದ. ತಪ್ಪಿಸಿಕೊಂಡು ಓಡುವುದು ಮೇಕೆ. ಕುರಿ ಹಾಗಲ್ಲ. ಕುರಿ ಓಡಿಹೋಗುವುದಿಲ್ಲ, ಹಿಂದೆ ಬೀಳುತ್ತದೆ. ಗೊರಸಿಗೆ ಮುಳ್ಳು ನೆಟ್ಟಿರುತ್ತದೆ, ಇಲ್ಲ ಮರಿ ಹಾಕಿರುತ್ತದೆ, ಇಲ್ಲ ಜ್ವರ. ಮಂದೆ ಮುಂದೆ ಹೋಗಿಬಿಡುತ್ತದೆ, ಇದು ಒಂದು ಕಡೆ ನಿಂತುಬಿಡುತ್ತದೆ. ಕೂಗು ಹಾಕುವುದೂ ಇಲ್ಲ. ಆಮೇಲೆ ಎಲ್ಲರೂ ಕುರಿ ತಪ್ಪಿಸಿಕೊಂಡಿತು ಅನ್ನುತ್ತಾರೆ.

ಇದನ್ನು ಮುಂದಿನ ಭಾನುವಾರ ಅರಸೀಕೆರೆಯಲ್ಲಿ ಹೇಳಿದೆ. ಪಾಠ ಹೇಳುತ್ತಿದ್ದವರು, ಅದೆಲ್ಲ ಬೇಡ, ಕುರಿ ಅಂದರೆ ಪಾಪಿ, ಅಷ್ಟು ತಿಳಿದುಕೋ ಅಂದರು. ತಿಳಿದುಕೊಂಡೆ.

1979ರ ಜನವರಿಯಲ್ಲಿ ಅಮ್ಮ ಸತ್ತಳು. ಹೊಟ್ಟೆನೋವು ಅಂತ ಶುರುವಾದದ್ದು, ಆರು ತಿಂಗಳು. ಆ ಆರು ತಿಂಗಳು ಮನೆಯಲ್ಲಿ ಜಪಸರ ನಿಂತ ದಿನವಿಲ್ಲ. ನವೇನ, ಹರಕೆ, ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುವವರು, ಎಲ್ಲರೂ ಬಂದರು. ನನಗೆ ಇಪ್ಪತ್ತು ವರ್ಷ. ಅಮ್ಮ ಬದುಕುತ್ತಾಳೆ ಅಂತ ನಂಬಿದ್ದೆ. ಆ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ ಡಾಕ್ಟರು ಅಪ್ಪನನ್ನು ಬದಿಗೆ ಕರೆದು ಮಾತಾಡಿದ್ದನ್ನು ನೋಡಿಯೂ ಏನು ಹೇಳಿದರು ಅಂತ ನಾನು ಕೇಳಲಿಲ್ಲ. ಮಣ್ಣು ಮಾಡಿ ಬಂದ ಸಂಜೆ, ಪ್ರಾರ್ಥನೆಗೆ ಬರುತ್ತಿದ್ದವರಲ್ಲಿ ಒಬ್ಬರು ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ, ಮನೆಯವರ ನಂಬಿಕೆ ಇನ್ನೂ ಸ್ವಲ್ಪ ಗಟ್ಟಿಯಿದ್ದಿದ್ದರೆ ದೇವರು ಕೈಬಿಡುತ್ತಿರಲಿಲ್ಲ ಅಂದರು. ಕೆಟ್ಟವರಲ್ಲ. ಕೇಳಿದವರು ಬೈಯಲೂ ಇಲ್ಲ. ಅಪ್ಪ ಲೋಟ ಎತ್ತಿಕೊಂಡು ಒಳಗೆ ಹೋದ.

ಆ ಮಾತು ನನ್ನಲ್ಲಿ ನೆಟ್ಟಿತು. ಸಿಟ್ಟಿನಿಂದ ಶಿಲುಬೆ ಕಿತ್ತೆಸೆಯುವುದು, ಸ್ವಾಮಿಯೋರ ಜೊತೆ ವಾದಕ್ಕೆ ನಿಲ್ಲುವುದು, ಅಂಥದ್ದೇನೂ ಆಗಲಿಲ್ಲ. ಒಂದು ಭಾನುವಾರ ಅರಸೀಕೆರೆಯ ರೈಲು ತಪ್ಪಿತು. ಇನ್ನೊಂದು ಭಾನುವಾರ ತಪ್ಪಿಸಿಕೊಂಡೆ. ತಪಸ್ಸುಕಾಲ ಬಂತು, ಹೋಯಿತು, ಪಾಪನಿವೇದನೆ ಮಾಡಲಿಲ್ಲ. ಮಾಡಬೇಕಾಗಿತ್ತು ಅಂತಲೂ ಅನ್ನಿಸಲಿಲ್ಲ. ಮಳೆಗಾಲದ ಹೊತ್ತಿಗೆ ಭದ್ರಾವತಿಯ ಲಾರಿ ಆಫೀಸೊಂದರಲ್ಲಿ ಗುಮಾಸ್ತಿಕೆ ಸಿಕ್ಕಿತು, ಟ್ರಂಕು ಎತ್ತಿಕೊಂಡು ಹೊರಟೆ. ಸಾಯಂಕಾಲ ಬಿಲ್ಟಿ ಬರೆದು ಮುಗಿದ ಮೇಲೆ ಡ್ರೈವರುಗಳ ಜೊತೆ ಸಾರಾಯಿ ಅಂಗಡಿ. ಮೊದಲು ಶನಿವಾರ, ಆಮೇಲೆ ವಾರದಲ್ಲಿ ಯಾವತ್ತಾದರೂ, ಕೊನೆಗೆ ಯಾವತ್ತಿಲ್ಲ ಅಂತ ಹೇಳುವುದೇ ಸುಲಭ. ಊರಿಗೆ ಹೋಗುವುದು ನಿಂತಿತು. ಇದನ್ನು ಇದಕ್ಕಿಂತ ಹೆಚ್ಚು ಬರೆಯುವಂಥದ್ದೇನಿಲ್ಲ. ಕುಡಿತದ ಕತೆ ಹೇಳುವವನಿಗೆ ರಸವತ್ತು, ಬದುಕಿದವನಿಗೆ ಒಂದೇ ಸಂಜೆಯ ನಾಲ್ಕು ಸಾವಿರ ಪ್ರತಿ.

ಆ ವರ್ಷ ಕ್ರಿಸ್ಮಸ್ಸಿಗೆ ವಾರ ಇರುವಾಗ ಅಪ್ಪ ಭದ್ರಾವತಿಗೆ ಬಂದ.

ಲೂಕನ ಕತೆಯಲ್ಲಿ ಹಾಳಾದ ಮಗ ದೂರದೇಶದಿಂದ ತಾನೇ ಎದ್ದು ಬರುತ್ತಾನೆ, ಅಪ್ಪ ಊರಲ್ಲಿ ಕಾಯುತ್ತಿರುತ್ತಾನೆ. ನಮ್ಮಪ್ಪನಿಗೆ ರೈಲ್ವೆ ಪಾಸಿತ್ತು. ಬೀರೂರಿನಲ್ಲಿ ಗಾಡಿ ಬದಲಾಯಿಸಿ, ಶಿವಮೊಗ್ಗದ ಪ್ಯಾಸೆಂಜರ್ ಹಿಡಿದು, ಕಂಕುಳಲ್ಲಿ ಒಂದು ಡಾಲ್ಡಾ ಡಬ್ಬ ಇರುಕಿಕೊಂಡು ಲಾರಿ ಆಫೀಸಿನ ಮುಂದೆ ನಿಂತಿದ್ದ. ಹಳದಿ ಡಬ್ಬ, ಹಸಿರು ತೆಂಗಿನ ಮರದ ಚಿತ್ರ, ಮುಚ್ಚಳದ ಮೇಲೆ ಹಳೇ ಬನಿಯನ್ನಿನ ಬಟ್ಟೆ ಬಿಗಿದಿತ್ತು. ಒಳಗೆ ಕಜ್ಜಾಯ. ಅಮ್ಮ ಇದ್ದಾಗ ಅಮ್ಮ ಮಾಡುತ್ತಿದ್ದಳು. ಇದನ್ನು ಅಪ್ಪ ತಾನೇ ಮಾಡಿದ್ದ. ಕಚ್ಚಿದರೆ ಹಲ್ಲು ಹೋಗಬೇಕು, ಸ್ಲೀಪರಿನ ಎರಕ.

ಇಬ್ಬರೂ ಹೋಟೆಲಿಗೆ ಹೋಗಿ ಟೀ ಕುಡಿದೆವು. ನನ್ನ ಬಾಯಿಂದ ಏನು ವಾಸನೆ ಬರುತ್ತಿತ್ತು ಅಂತ ನನಗೆ ಗೊತ್ತು. ಅಪ್ಪ ಕೇಳಿದ್ದು, ರೂಮಿಗೆ ನೀರು ಬರುತ್ತದಾ ಅಂತ. ಏಳುವಾಗ ಜೇಬಿನಿಂದ ಇಪ್ಪತ್ತು ರೂಪಾಯಿಯ ನೋಟೊಂದನ್ನು ತೆಗೆದು ಮಡಚಿ ಕೊಟ್ಟ. “ಜನವರೀಲಿ ನಿಮ್ಮವ್ವುಂದು ವರ್ಷ ಆಯ್ತದೆ. ಇಲ್ಲೇ ಗುಡೀಲಿ ಒಂದ್ ಪೂಜೆಗೆ ಕೊಟ್ಬುಡು.” ಆಮೇಲೆ ಮುಂದಿನ ಸಲಕ್ಕೆ ಡಬ್ಬ ತೊಳೆದಿಡು ಅಂತ ಹೇಳಿ ಸ್ಟೇಷನ್ನಿನ ಕಡೆ ನಡೆದ.

ಆ ಇಪ್ಪತ್ತು ರೂಪಾಯಿಯನ್ನು ಅದೇ ಸಂಜೆ ಕುಡಿದೆ.

ಮುಂದಿನ ಡಿಸೆಂಬರಿನಲ್ಲಿ ಅಪ್ಪ ಮತ್ತೆ ಬಂದ. ತುಂಬಿದ ಡಬ್ಬ ಕೊಟ್ಟ, ಖಾಲಿ ಡಬ್ಬ ಇಸಿದುಕೊಂಡ. “ಪೂಜೆಗೆ ಕೊಟ್ಯಾ?” “ಕೊಟ್ಟೆ.” “ಸರಿ.” ಮತ್ತೆ ಇಪ್ಪತ್ತು. ಹೀಗೆ ಹನ್ನೊಂದು ಡಿಸೆಂಬರು, 1979ರಿಂದ 1989ರವರೆಗೆ. ಒಂದು ವರ್ಷವೂ ಬಿಡಲಿಲ್ಲ. ಗುಡಿಗೆ ಹೋಗುತ್ತೀಯಾ ಅಂತ ಒಂದು ಸಲವೂ ಕೇಳಲಿಲ್ಲ. ಊರಿಗೆ ಬಾ ಅನ್ನಲಿಲ್ಲ. ನಾನು ಅದನ್ನು ಆಗ ಹೇಗೆ ತಿಳಿದುಕೊಂಡಿದ್ದೆ ಅಂದರೆ, ಮುದುಕನಿಗೆ ಏನೂ ಗೊತ್ತಾಗುವುದಿಲ್ಲ ಅಂತ. ಕಜ್ಜಾಯ ಮಾತ್ರ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿತ್ತು. ಪಾಕದ ಹದ ಕೈಗೆ ಹತ್ತಲು ಅವನಿಗೆ ನಾಲ್ಕು ವರ್ಷ ಹಿಡಿಯಿತು. ಐದನೇ ವರ್ಷದ್ದನ್ನು ತಿಂದು ಲಾರಿ ಆಫೀಸಿನವರು ನಿಮ್ಮ ತಾಯಿಯ ಕೈ ಚೆನ್ನಾಗಿದೆ ಅಂದರು. ಹೌದು ಅಂದೆ.

ಇಷ್ಟರ ನಡುವೆ ಡಬ್ಬದ ಒಂದು ಪ್ರಸಂಗ. 1986 ಇರಬೇಕು. ರೂಮಿನಲ್ಲಿ ಜೊತೆಗಿದ್ದವನು ಅದನ್ನು ಸೀಮೆಎಣ್ಣೆಗೆ ಬಳಸಿಕೊಂಡಿದ್ದ, ಆಮೇಲೆ ಯಾರಿಗೋ ಕೊಟ್ಟುಬಿಟ್ಟಿದ್ದ. ಡಿಸೆಂಬರ್ ಹತ್ತಿರ ಬಂದಾಗಲೇ ನನಗೆ ಗೊತ್ತಾಗಿದ್ದು. ಅವತ್ತು ನನಗೆ ಹತ್ತಿದ ಕಳವಳ ವಿಚಿತ್ರದ್ದು. ಅಮ್ಮನ ಪೂಜೆಯ ದುಡ್ಡು ಏಳು ವರ್ಷ ಕುಡಿದವನು, ಒಂದು ಖಾಲಿ ತಗಡಿನ ಡಬ್ಬಕ್ಕಾಗಿ ಮೂರು ದಿನ ಭದ್ರಾವತಿಯ ಗುಜರಿ ಅಂಗಡಿಗಳನ್ನೆಲ್ಲ ಅಲೆದೆ. ಆ ಅಳತೆಯದ್ದೇ ಆಗಬೇಕು, ಹಿಡಿಕೆ ಇರುವಂಥದ್ದೇ ಆಗಬೇಕು. ಸಿಕ್ಕಿತು. ಆದರೆ ಹಳೆಯದರ ಅಂಚಿನಲ್ಲಿ ಒಂದು ನಗ್ಗಿತ್ತು, ಅಪ್ಪನ ಕಣ್ಣಿಗೆ ಅದು ಬೀಳದೆ ಇರುವುದಿಲ್ಲ ಅಂತ ಸುತ್ತಿಗೆಯಿಂದ ಹೊಸದಕ್ಕೂ ಅದೇ ಜಾಗದಲ್ಲಿ ನಗ್ಗು ಮಾಡಿದೆ. ಆ ವರ್ಷ ಅಪ್ಪ ಡಬ್ಬ ತಗೊಂಡು ತಿರುಗಿಸಿ ನೋಡಿ, “ಹೊಸಾದು ತಂದ್ಯಾ?” ಅಂದ. ಅಷ್ಟೇ. ಲೂಕನ 15ರಲ್ಲಿ ಕುರಿ ಇದೆ, ನಾಣ್ಯ ಇದೆ, ಮಗ ಇದ್ದಾನೆ. ಡಬ್ಬ ಇಲ್ಲ.

ನಮ್ಮ ವಂಶ ಎಂದಿನಿಂದ ಕ್ರೈಸ್ತರು ಅಂತ ಯಾರಾದರೂ ಕೇಳಿದರೆ ಅಪ್ಪ, “ದೊಡ್ಡಸ್ವಾಮಿಯೋರ ಕಾಲದಿಂದ” ಅನ್ನುತ್ತಿದ್ದ. ಅವನ ಹಿರಿಯರು ಹಾಸನದ ಕಡೆಯವರು. ದೊಡ್ಡಸ್ವಾಮಿಯೋರು ಅಂದರೆ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ದಪ್ಪ ಪುಸ್ತಕ ಬರೆದು ಹೆಸರಾದವನು. ಅದು ಇಂಗ್ಲಿಷಿನಲ್ಲಿ ಅಚ್ಚಾದದ್ದು 1816ರಲ್ಲಿ. ನಮ್ಮ ಕಡೆಯ ಜನಕ್ಕೆ ಆ ಪುಸ್ತಕ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಬಿಳಿ ಅಂಗಿ ತೊಟ್ಟು, ನಮ್ಮವರ ಹಾಗೆಯೇ ಊಟ ಮಾಡಿಕೊಂಡು, ಊರೂರು ತಿರುಗಿ ಜನಕ್ಕೆ ಸಿಡುಬಿನ ಚುಚ್ಚು ಹಾಕಿಸಿದ ಮನುಷ್ಯ. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬಡ ಕ್ರೈಸ್ತರನ್ನು ಸೇರಿಸಿ ಬೇಸಾಯಕ್ಕೆ ಹಚ್ಚಿದವನೂ ಅವನೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನನ್ನು ಮೈಸೂರು ಸೀಮೆಗೆ ಕರೆಸಿಕೊಂಡದ್ದೇ ತಪ್ಪಿಹೋದವರಿಗಾಗಿ. ಟಿಪ್ಪುವಿನ ಕಾಲದಲ್ಲಿ ಬಲವಂತಕ್ಕೆ ಧರ್ಮ ಬಿಟ್ಟಿದ್ದ ಕ್ರೈಸ್ತರು ಸಾವಿರಗಟ್ಟಲೆ ಇದ್ದರು. ಅವರಲ್ಲಿ 1,800 ಜನರನ್ನು ಈತ ಮತ್ತೆ ಸಭೆಗೆ ಸೇರಿಸಿಕೊಂಡ ಅಂತ ಅವನ ಚರಿತ್ರೆ ಬರೆದವರು ಹೇಳುತ್ತಾರೆ. ನಾನು ಓದುತ್ತಾ ನಿಂತದ್ದು ಇಲ್ಲಿ. ಆ 1,800 ಜನ ಏನು ತಪ್ಪು ಮಾಡಿದ್ದರು? ಜೀವ ಉಳಿಸಿಕೊಂಡಿದ್ದರು. ಮಂದೆ ಮುಂದೆ ಹೋಯಿತು, ಇವರು ಕಾಲಿಗೆ ನೆಟ್ಟದ್ದನ್ನು ಇಟ್ಟುಕೊಂಡು ನಿಂತರು. ದಾಖಲೆ ಬರೆಯುವವರು ಅದನ್ನೇ ಧರ್ಮಭ್ರಷ್ಟರು ಅಂತ ಬರೆದರು.

ಅದೇ ದೊಡ್ಡಸ್ವಾಮಿಯೋರು 1823ರಲ್ಲಿ ಫ್ರಾನ್ಸಿಗೆ ವಾಪಸು ಹೋದರು. ಆ ವರ್ಷವೇ ಲಂಡನ್ನಿನಲ್ಲಿ ಅವರ ಪತ್ರಗಳು ಅಚ್ಚಾದವು. ಅದರಲ್ಲಿ ಹೇಳುವುದು, ಈ ದೇಶದ ಜನ ಕ್ರೈಸ್ತರಾಗುವ ಕಾಲ ಮುಗಿಯಿತು, ಇಪ್ಪತ್ತೈದು ವರ್ಷ ದುಡಿದು ನಾನು ಹೊಸದಾಗಿ ಸೇರಿಸಿದ್ದು ಇನ್ನೂರು ಮುನ್ನೂರು ಜನ, ಅವರೂ ಹೆಚ್ಚಿನವರು ಹೊಲೆಯರು, ಭಿಕ್ಷುಕರು, ಜಾತಿಯಿಂದ ಹೊರಬಿದ್ದವರು, ಗತಿಯಿಲ್ಲದೆ ಬಂದವರು ಅಂತ. ಓದಿ ಮೊದಲು ಮೈ ಉರಿಯಿತು. ಆಮೇಲೆ ನಗು ಬಂತು. ಹಾಗೆ ಲೆಕ್ಕಕ್ಕೆ ಬಾರದೆ ಹೋದವರಲ್ಲಿ ನಮ್ಮ ಮುತ್ತಾತನ ಅಪ್ಪನೋ ಅಜ್ಜನೋ ಇದ್ದಿರಬೇಕು. ಬೇಸತ್ತು ಹಡಗು ಹತ್ತಿದವರು ಸ್ವಾಮಿಯೋರು, ಇಲ್ಲೇ ಉಳಿದು ಜಪಸರ ಎಣಿಸಿದವರು ಅವರು. ಆ ಮನುಷ್ಯನನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಮೂವತ್ತೊಂದು ವರ್ಷ ಈ ಬಿಸಿಲಿನಲ್ಲಿ ಕಳೆದವನಿಗೆ ಬೇಸರವಾಗುವ ಹಕ್ಕಿದೆ. ಮನುಷ್ಯನ ತಾಳ್ಮೆಗೆ ಒಂದು ತುದಿ ಇರುತ್ತದೆ, ಸಂತನದಾದರೂ. ಅಪ್ಪನ ತಾಳ್ಮೆಗೂ ಇತ್ತೋ ಏನೋ. ನನಗೆ ಅದು ಕಾಣಿಸುವ ಮೊದಲೇ ಅವನ ಕಾಲು ಮುರಿಯಿತು.

1990ರ ಡಿಸೆಂಬರಿನಲ್ಲಿ ಅಪ್ಪ ಬರಲಿಲ್ಲ.

ಅವನು ಹಿಂದಿನ ವರ್ಷ ರಿಟೈರಾಗಿ, ಕ್ವಾರ್ಟರ್ಸ್ ಬಿಟ್ಟು, ಊರೊಳಗೆ ಬಾಡಿಗೆ ಮನೆ ಹಿಡಿದಿದ್ದ. ಪಾಸು ಇನ್ನೂ ಇತ್ತು. 18, 19, 20 ಅಂತ ದಿನ ಹೋಯಿತು. ನಾನು ಲಾರಿ ಆಫೀಸಿನ ಬಾಗಿಲಲ್ಲಿ ಕೂತು ರಸ್ತೆ ನೋಡಿದೆ. 21ಕ್ಕೆ ಸ್ಟೇಷನ್ನಿಗೇ ಹೋದೆ. ಬೀರೂರಿನಿಂದ ಬಂದ ಪ್ಯಾಸೆಂಜರಿನಿಂದ ಜನ ಇಳಿದರು, ಪ್ಲಾಟ್‌ಫಾರಂ ಖಾಲಿಯಾಯಿತು, ನನ್ನ ಕೈಯಲ್ಲಿ ತೊಳೆದ ಡಬ್ಬ. ಮಾರನೇ ದಿನವೂ ಹೋದೆ. ಟಿಕೆಟ್ ಕಲೆಕ್ಟರು ಏನಪ್ಪಾ ತುಪ್ಪ ಮಾರ್ತೀಯಾ ಅಂದ. 23ನೇ ತಾರೀಖು ಅದೇ ಡಬ್ಬ ಹಿಡಿದು ಗಾಡಿ ಹತ್ತಿದೆ. ಇದನ್ನು ಮನಪರಿವರ್ತನೆ ಅಂತ ಯಾರಾದರೂ ಕರೆದರೆ ನನಗೆ ಮುಜುಗರವಾಗುತ್ತದೆ. ಡಬ್ಬ ವಾಪಸು ಕೊಡಬೇಕಾಗಿತ್ತು, ಅಷ್ಟೇ.

ಅಪ್ಪ ಒಳಕೋಣೆಯಲ್ಲಿ ಮಲಗಿದ್ದ. ಬಚ್ಚಲಲ್ಲಿ ಜಾರಿ ಕಾಲು ಮುರಿದು ಇಪ್ಪತ್ತು ದಿನವಾಗಿತ್ತು. ನಾಲ್ಕು ದಶಕದ ಹತ್ತಿರ ಹತ್ತಿರ ಜಲ್ಲಿ ಕಲ್ಲಿನ ಮೇಲೆ ನಡೆದರೂ ಏನೂ ಆಗದ ಕಾಲು. ಪಕ್ಕದ ಮನೆಯ ಸಾಬರ ಹೆಂಗಸು ಗಂಜಿ ತಂದುಕೊಡುತ್ತಿದ್ದಳು. ನನಗೊಂದು ಕಾಗದ ಹಾಕಿಸಬಹುದಿತ್ತಲ್ಲ ಅಂದೆ. “ಕೆಲ್ಸ ಬುಟ್ಟು ಬಂದೀಯ ಅಂತ,” ಅಂದ. ಆಮೇಲೆ, “ಕಜ್ಜಾಯುಕ್ಕೆ ಅಕ್ಕಿ ನೆನಾಕಿಲ್ಲ ಈ ಸಲ.”

ಅವತ್ತು ರಾತ್ರಿ ನಾನು ಅಕ್ಕಿ ನೆನೆಹಾಕಿದೆ. ಅಪ್ಪ ಮಂಚದಿಂದಲೇ ಹೇಳಿದ, ನಾನು ಮಾಡಿದೆ. ಪಾಕ ಏರಿತು. ನನ್ನ ಕಜ್ಜಾಯ ಅವನ ಮೊದಲ ವರ್ಷದ್ದಕ್ಕಿಂತ ಗಟ್ಟಿ. ಹಲ್ಲಿಲ್ಲದ ಬಾಯಲ್ಲಿ ಒಂದನ್ನು ಅರ್ಧ ಗಂಟೆ ಚೀಪಿದ. ಕುಡಿಯದೆ ಕಳೆದ ಮೊದಲ ನಾಲ್ಕು ದಿನ ನನ್ನ ಕೈ ನಡುಗುತ್ತಿದ್ದದ್ದನ್ನು ನೋಡಿ, ಎಣ್ಣೆ ಬಾಣಲಿ ಹತ್ತಿರ ಹುಷಾರು ಅಂತ ಮಾತ್ರ ಅಂದ. ಆಮೇಲೆ ನಾನು ಪೂರ್ತಿ ಬಿಟ್ಟೆ ಅಂತಲ್ಲ. ಎರಡು ಸಲ ಬಿಟ್ಟು ಎರಡು ಸಲ ಹಿಡಿದೆ, ಮೂರನೆಯದಕ್ಕೆ ನಿಂತಿತು. ಭದ್ರಾವತಿಗೆ ವಾಪಸು ಹೋಗಲಿಲ್ಲ. ಅರಸೀಕೆರೆಯಲ್ಲಿ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು.

ಜನವರಿಯಲ್ಲಿ ಅಮ್ಮನದು ಹನ್ನೆರಡನೇ ವರ್ಷ. ಮಂಡಿಯಲ್ಲಿ ಮೊದಲ ವಾರದ ಬಟವಾಡೆ ಆದ ದಿನ ಮಧ್ಯಾಹ್ನ ಅರಸೀಕೆರೆಯ ಗುಡಿಗೆ ಹೋದೆ. ಒಳಗೆ ಹೋಗಲು ಧೈರ್ಯ ಸಾಲದೆ ಪಕ್ಕದ ಸ್ವಾಮಿಯೋರ ಮನೆಯ ಜಗುಲಿಯಲ್ಲಿ ನಿಂತೆ. ನಾನು ಬಲ್ಲ ಸ್ವಾಮಿಯೋರಲ್ಲ, ಹೊಸಬರು, ನನಗಿಂತ ಚಿಕ್ಕ ವಯಸ್ಸು. ಪೂಜೆಗೆ ಕೊಡಬೇಕಿತ್ತು ಅಂದೆ. ಪುಸ್ತಕ ತೆಗೆದರು. ತಾರೀಖು ಹೇಳಿದೆ, ಅಮ್ಮನ ಹೆಸರು ಹೇಳಿದೆ.

ಅವರು ಪುಟ ತಿರುಗಿಸಿ, ಬೆರಳಿಟ್ಟು ನೋಡಿ, “ಇದು ಆಗಲೇ ಬರೆದಿದೆಯಲ್ಲ. ಬಾಣಾವರದವರು. ಯಾರ ಕೈಲೋ ಕೊಟ್ಟು ಕಳಿಸಿದ್ದಾರೆ,” ಅಂದರು.

ಯಾವಾಗ ಅಂತ ಕೇಳಿದೆ.

“ಕ್ರಿಸ್ಮಸ್ಸಿಗೆ ಮುಂಚೆಯೇ. ಅವರದು ಪ್ರತಿ ವರ್ಷ ಬರುತ್ತಂತೆ. ಹಿಂದಿನ ಪುಸ್ತಕದಲ್ಲೂ ಇದೆ.” ಕಪಾಟಿನಿಂದ ಹಳೆಯ ಪುಸ್ತಕವನ್ನೂ ತೆಗೆದು ತೋರಿಸಿದರು, ನಾನು ಕೇಳಿರಲಿಲ್ಲ. ನೀಲಿ ಗೆರೆ, ಉದ್ದನೆ ಕಾಲಂ. ಜನವರಿ 1980. ಜನವರಿ 1981. ಜನವರಿ 1982. ಬೇರೆ ಬೇರೆ ಸ್ವಾಮಿಯೋರ ಬೇರೆ ಬೇರೆ ಕೈಬರಹ, ಅದೇ ಹೆಸರು, ಅದೇ ಇಪ್ಪತ್ತು ರೂಪಾಯಿ. ಮೊದಲ ವರ್ಷದಿಂದಲೇ. ಅಂದರೆ ನನ್ನ ಕೈಗೆ ನೋಟು ಕೊಟ್ಟು ಹೋದ ಆ ಮೊದಲ ಡಿಸೆಂಬರಿನಲ್ಲೇ ಅಪ್ಪನಿಗೆ ಎಲ್ಲ ಗೊತ್ತಿತ್ತು.

“ಈಗ ಏನು ಮಾಡಲಿ?” ಸ್ವಾಮಿಯೋರು ಪೆನ್ನು ಹಿಡಿದುಕೊಂಡು ಕೇಳಿದರು. “ಇನ್ನೊಂದು ದಿನಕ್ಕೆ ಹಾಕಲಾ?”

ಅದೇ ದಿನಕ್ಕೆ ಬರೀರಿ ಅಂದೆ. ಒಂದೇ ಹೆಸರನ್ನು ಎರಡು ಸಲ ಬರೆಯುವುದಾ ಅಂತ ಅವರು ಒಂದು ಗಳಿಗೆ ನೋಡಿದರು. ಆಮೇಲೆ ಅದರ ಕೆಳಗೇ ಬರೆದುಕೊಂಡರು.

ಆ ದಿನ ಅಪ್ಪನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಕಟ್ಟು ಬಿಚ್ಚಿ ಎರಡು ದಿನವಾಗಿತ್ತು, ಕೋಲು ಹಿಡಿದು ನಡೆಯುತ್ತಿದ್ದ. ಬೆಳಗಿನ ಪೂಜೆ, ಏಳೆಂಟು ಜನ, ಚಳಿ. ನಾನು ಕೊನೆಯ ಸಾಲಿನಲ್ಲಿ ಕೂರೋಣ ಅಂದೆ. ಅಪ್ಪ ತನ್ನ ಮಾಮೂಲು ಜಾಗಕ್ಕೇ ನಡೆದ, ಬಲಗಡೆ, ಮೂರನೇ ಕಂಬದ ಹತ್ತಿರ. ಪೂಜೆಯ ನಡುವೆ ಸ್ವಾಮಿಯೋರು ಅವತ್ತಿನ ಹೆಸರುಗಳನ್ನು ಓದಿದರು. ಅಮ್ಮನ ಹೆಸರು ಬಂತು. ಅಪ್ಪ ಶಿಲುಬೆ ಗುರುತು ಹಾಕಿಕೊಂಡ. ಮತ್ತೆ ಅಮ್ಮನ ಹೆಸರೇ ಬಂತು. ಅಪ್ಪ ತಲೆಯೆತ್ತಿದ. ಸ್ವಾಮಿಯೋರು ಚಿಕ್ಕವರು, ಸಾಲು ತಪ್ಪಿ ಓದಿದರು ಅಂದುಕೊಂಡನೋ ಏನೋ, ಪೀಠದ ಕಡೆ ಕುತ್ತಿಗೆ ಉದ್ದ ಮಾಡಿ ನೋಡಿದ. ಆಮೇಲೆ ನಿಧಾನ ನನ್ನ ಕಡೆ ತಿರುಗಿದ. ನಾನು ಪಾದದ ಹತ್ತಿರದ ನೆಲದ ಹಾಸುಗಲ್ಲಿನ ಬಿರುಕನ್ನು ನೋಡುತ್ತಿದ್ದೆ. ಪರಮಪ್ರಸಾದಕ್ಕೆ ಎದ್ದಾಗ ನಾನು ಏಳಲಿಲ್ಲ, ಪಾಪನಿವೇದನೆ ಆಗಿರಲಿಲ್ಲ. ಅಪ್ಪ ಕೋಲನ್ನು ನನ್ನ ತೊಡೆಗೆ ಆನಿಸಿಟ್ಟು, ಬೆಂಚಿನ ಅಂಚು ಹಿಡಿದು ಹಿಡಿದು ಮುಂದೆ ಹೋಗಿ ಬಂದ.

ವಾಪಸು ರೈಲಿಗೆ ಹೋಗೋಣ ಅಂತ ಹಟ ಮಾಡಿದ. ಬಸ್ಸು ಬೇಗ, ಆದರೆ ಕೇಳಲಿಲ್ಲ. ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತೆವು. ಬನ್ನು ತಂದುಕೊಟ್ಟೆ, ಟೀಯಲ್ಲಿ ಅದ್ದಿಕೊಂಡು ತಿಂದ. ನಾನಾಗಿ ಮಾತು ತೆಗೆಯದಿದ್ದರೆ ಅವನು ಸಾಯುವವರೆಗೂ ತೆಗೆಯುತ್ತಿರಲಿಲ್ಲ.

“ನಿಂಗ್ ಗೊತ್ತಿತ್ತಾ? ನಾನು ಪೂಜೆಗೆ ಕೊಡ್ತಿರ್ಲಿಲ್ಲ ಅಂತ?”

“ಊಂ.”

“ಮೊದಲ್ನೇ ವರ್ಸದಿಂದ್ಲೂವಾ?”

“ಬಾಯ್ ವಾಸ್ನೆ ಬತ್ತಿತ್ತಲ್ಲ.”

“ಗೊತ್ತಿದ್ದೂ ಯಾಕ್ ಕೊಡ್ತಿದ್ದೆ ಮತ್ತೆ? ಇಲ್ಲಿ ಹೆಂಗೂ ನೀನೇ ಕೊಡ್ತಿದ್ದೆ.”

ಅಪ್ಪ ಲೋಟದ ತಳದಲ್ಲಿ ಮುರಿದು ಬಿದ್ದಿದ್ದ ಬನ್ನಿನ ಚೂರನ್ನು ಬೆರಳು ಹಾಕಿ ತೆಗೆದು ತಿಂದ. “ಒಂದ್ ವರ್ಸ ಕೊಟ್ಟೀಯೇನೋ ಅಂತ,” ಅಂದ.

ಗೂಡ್ಸ್ ಗಾಡಿಯೊಂದು ಬಂತು. ಉದ್ದನೆಯದು, ನಿಧಾನಕ್ಕೆ ಹೋಗುತ್ತಿತ್ತು. ಒಂದೊಂದೇ ಡಬ್ಬಿ ನಮ್ಮೆದುರು ಸರಿಯುತ್ತಿದ್ದಂತೆ ಅಪ್ಪ ತಲೆ ವಾರೆ ಮಾಡಿಕೊಂಡು ಕೂತ. ಗಾರ್ಡಿನ ಡಬ್ಬಿ ದಾಟಿದ ಮೇಲೆ ನನ್ನ ಮೊಣಕೈ ತಟ್ಟಿದ.

“ಆ ಕಂಬದ ನೇರುಕ್ಕೆ ಒಂದ್ ಸಡ್ಲ ಐತೆ. ಡಬ್ ಅಂತು, ಕೇಳ್ತಾ?”

ನನಗೇನೂ ಕೇಳಿಸಿರಲಿಲ್ಲ. ಅಪ್ಪ ಕೋಲೂರಿ ಎದ್ದು, ಪ್ಲಾಟ್‌ಫಾರಂ ತುದಿಯ ಇಳಿಜಾರಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ ಗ್ಯಾಂಗಿನವರ ಕಡೆಗೆ ಹೊರಟ. ಅವನು ರಿಟೈರಾಗಿ ಒಂದು ವರ್ಷದ ಮೇಲಾಗಿತ್ತು. ಅರಸೀಕೆರೆ ಅವನ ಹಳಿಯೂ ಆಗಿರಲಿಲ್ಲ.